ಕಬ್ಬು ಹಿಡಿದು ಟ್ರ್ಯಾಕ್ಟರ್ ನೋಡಲು ಹೋದದ್ದು

ನನ್ನ ಮೇಜಿನ ಮೇಲೊಂದು ಕಲ್ಲಿದೆ. ರತ್ನವಲ್ಲ, ಸಾಲಿಗ್ರಾಮವೂ ಅಲ್ಲ. ಅರ್ಧ ಇಟ್ಟಿಗೆಯಷ್ಟು ದಪ್ಪ, ಒಂದು ಮಗ್ಗುಲು ಚಪ್ಪಟೆ, ಮೈಗೆಲ್ಲ ಗ್ರೀಸ್ ಹತ್ತಿ ಕಪ್ಪಾದ ಬರೀ ಕಲ್ಲು. ತಮಿಳು ಸೀಮೆಯ ತೇನಿಯಲ್ಲಿ ತಾಲ್ಲೂಕು ಕಚೇರಿಗೆ ಎದುರಾಗಿ ನನ್ನದೊಂದು ಪುಟ್ಟ ಅಂಗಡಿ. ಜೆರಾಕ್ಸ್ ತೆಗೆಯುತ್ತೇನೆ, ಬರೆಯಲು ಬಾರದವರಿಗೆ ಅರ್ಜಿ ಬರೆದು ಕೊಡುತ್ತೇನೆ. ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ನಮ್ಮ ಕಣಿವೆಗೆ ನುಗ್ಗಿತೆಂದರೆ ಕಾಗದಗಳಿಗೆ ಕಾಲು ಬರುತ್ತದೆ. ಒಬ್ಬರ ಪಟ್ಟಾ, ಇನ್ನೊಬ್ಬರ ಜಾತಿ ಸರ್ಟಿಫಿಕೇಟು, ಮತ್ತೊಬ್ಬರ ಗಂಡನ ಮರಣಪತ್ರ ಎಲ್ಲ ಕೈಕೈ ಹಿಡಿದುಕೊಂಡು ರಸ್ತೆ ದಾಟಿಬಿಡುತ್ತವೆ. ಅದಕ್ಕೇ ಆ ಕಲ್ಲು.

ಕಳೆದ ವಾರ ವೃದ್ಧಾಪ್ಯ ವೇತನದ ಅರ್ಜಿಗೆಂದು ಬಂದ ಒಬ್ಬ ಅಜ್ಜಿ, ಕಪ್ಪಗೆ ಎಣ್ಣೆ ಮಿಂದ ಆ ಕಲ್ಲನ್ನು ಕಂಡವಳೇ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಬೇಡ ಅನ್ನಲಿಲ್ಲ. ಈ ಕಥೆ ಕೇಳಿದ್ದರೆ ನೀವೂ ಅನ್ನುತ್ತಿರಲಿಲ್ಲ.

ಕಥೆ ನನ್ನದಲ್ಲ, ಅಕ್ಕನದು. ನನಗಿಂತ ಏಳು ವರ್ಷ ದೊಡ್ಡವಳು ರಂಗಕ್ಕ. ಕಂಬಂ ಕಡೆಯ ಗೂಡಲೂರಿನ ಹತ್ತಿರ ನಮ್ಮ ಊರಲ್ಲೇ ಇದ್ದಾಳೆ. ಭಾವ ಕುಮಿಳಿ ಘಟ್ಟದ ಮೇಲೆ ಏಲಕ್ಕಿ ತೋಟದಲ್ಲಿ ಮೇಸ್ತ್ರಿ. ಭಾನುವಾರ ಇಳಿದು ಬಂದು, ಕೋಳಿಸಾರು ಉಂಡು, ಸೋಮವಾರ ಏರಿ ಹೋಗುತ್ತಾರೆ. ಹಾಗಾಗಿ ನಾಲ್ಕು ಎಕರೆ ಗದ್ದೆ ಪೂರ್ತಿ ಅಕ್ಕನ ತಲೆಯ ಮೇಲೆ. ಅವಳಿಗೆ ಅದು ಭಾರವೂ ಅಲ್ಲ. ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ನೇಗಿಲು ಹಿಡಿಸಿ ನೋಡಿದವರು ನಮ್ಮ ದೊಡ್ಡಯ್ಯ, ಅಂದರೆ ಅಪ್ಪನ ಅಣ್ಣ. ಅಪ್ಪ ಬೇಗ ಹೋದ ಮೇಲೆ ನಮ್ಮನ್ನು ಬೆಳೆಸಿದವರೂ ಅವರೇ. ಅಕ್ಕ ಉತ್ತ ಸಾಲು ದಾರ ಹಿಡಿದು ಎಳೆದ ಹಾಗೆ ಇರುತ್ತಿತ್ತು. ನನ್ನ ಸಾಲು ನೋಡಿ ದೊಡ್ಡಯ್ಯ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಿದ್ದು ಊರಿಗೇ ನೆನಪಿದೆ: "ಇವ್ನು ಉತ್ತ ಸಾಲ್ನಾಗೆ ಆವು ಓದ್ರೂ ಸೊಂಟ ಉಳುಕ್ತದೆ. ಇವ್ನ ಇಸ್ಕೂಲಿಗೆ ಆಕ್ರಡಾ!" ಹಾವಿನ ಸೊಂಟ ಉಳಿಸಲು ನನ್ನನ್ನು ಓದಿಸಿದರು. ಓದುತ್ತ ಓದುತ್ತ ಮೈಸೂರಿನ ಹಾಸ್ಟೆಲಿನವರೆಗೂ ಹೋದೆ. ನಮ್ಮವರು ಮುನ್ನೂರು ವರ್ಷದ ಹಿಂದೆ ಕನ್ನಡ ನಾಡಿನಿಂದ ಬಂದು ಈ ಕಂಬಂ ಕಣಿವೆಯಲ್ಲಿ ನೆಲೆಸಿದವರು. ಮನೆಯಲ್ಲಿ ಆಡುತ್ತಿದ್ದ ಮಾತಿಗೆ ಅಕ್ಷರಗಳೂ ಇವೆ ಎಂದು ಅಲ್ಲೇ ಕಂಡದ್ದು. ನಮ್ಮ ಕನ್ನಡ ಕೇಳಿ ಅಲ್ಲಿನವರು ನಕ್ಕರು, ಅಲ್ಲಿನ ಕನ್ನಡ ಕಲಿತು ಬಂದಾಗ ನಮ್ಮೂರಿನವರು ನಕ್ಕರು. ನಗಿಸುವ ಕೆಲಸ ಮಾತ್ರ ನನಗೆ ಎಲ್ಲ ಕಡೆಯೂ ಖಾಯಂ ಆಯಿತು.

ಇರಲಿ. ಅಕ್ಕನ ಕಷ್ಟ ಏನೆಂದರೆ, ಕಾಲುವೆಗೆ ನೀರು ಬಿಟ್ಟ ವಾರ ಇಡೀ ಕಣಿವೆಗೆ ಒಂದೇ ಸಲ ಟ್ರ್ಯಾಕ್ಟರ್ ಬೇಕು. ಬಾಡಿಗೆ ಟ್ರ್ಯಾಕ್ಟರಿನವರು ಮೊದಲು ಹತ್ತಿಪ್ಪತ್ತು ಎಕರೆಯವರ ಗದ್ದೆಗೆ ಹೋಗುತ್ತಾರೆ. ಆಮೇಲೆ ಅವರವರ ಮಾವ, ಭಾಮೈದುನ. ಆಮೇಲೆ, ಬೆಳಗಾಗುವ ಮೊದಲೇ ಟೀ ಅಂಗಡಿಯಲ್ಲಿ ಕೂತು ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋಗುವವರು. ಅಕ್ಕ ಟೀ ಅಂಗಡಿಯಲ್ಲಿ ಕೂರುವ ಹಾಗಿಲ್ಲ, ಯಾರ ಹೆಗಲ ಮೇಲೂ ಕೈ ಹಾಕುವ ಹಾಗಿಲ್ಲ. ಫೋನ್ ಮಾಡಿದರೆ ಒಂದೇ ಉತ್ತರ: "ನಾಳೆ ಬಂದುಡ್ರೇನ್ ಅಕ್ಕಾ." ಈ 'ನಾಳೆ ಬಂದುಬಿಡುತ್ತೇನೆ' ಕಳೆದ ವರ್ಷ ಹದಿನಾರು ನಾಳೆ ಆಯಿತು. ಮಡಿಯಲ್ಲಿ ಭತ್ತದ ಸಸಿ ಬಲಿತು, ಹಳದಿ ತಿರುಗಿ, ಕೊನೆಗೆ ನಾಟಿ ಹಾಕಿದರೂ ತೆನೆ ಹಿಡಿಯಲಿಲ್ಲ. ಗದ್ದೆಯ ಬದುವಿನ ಮೇಲೆ ಕೂತು ಅಕ್ಕ ಅತ್ತಳಂತೆ. ನನ್ನ ಅಕ್ಕ ಅಳುವವಳಲ್ಲ. ಅದನ್ನು ಕೇಳಿ ನನಗೆ ಎರಡು ದಿನ ಊಟ ಸೇರಲಿಲ್ಲ.

ಈ ವರ್ಷ ಅವಳು ನಿರ್ಧಾರ ಮಾಡಿಬಿಟ್ಟಳು. ಹಳೆಯದಾದರೂ ಸರಿ, ಒಂದು ಸ್ವಂತ ಟ್ರ್ಯಾಕ್ಟರ್ ತರಬೇಕು. ಓಡಿಸಲು ಆಳು ಬೇಡ, ತಾನೇ ಓಡಿಸುತ್ತಾಳೆ. ಪಕ್ಕದ ತೆಂಗಿನ ತೋಪಿನವರ ಟ್ರ್ಯಾಕ್ಟರಿನಲ್ಲಿ ಯಾವಾಗಲೋ ಕಲಿತು ಮುಗಿಸಿದ್ದಳು, ನಮಗೇ ಗೊತ್ತಿರಲಿಲ್ಲ. ಉಳಿದದ್ದು ಒಂದೇ ಗೋಡೆ. ಅದು ದೊಡ್ಡಯ್ಯ.

ದೊಡ್ಡಯ್ಯನವರ ವಿಷಯ ಹೇಳಬೇಕಾದರೆ ದೇವರಾವಿನ, ಅಂದರೆ ದೇವರ ದನಗಳ, ವಿಷಯ ಹೇಳಲೇಬೇಕು. ನಮ್ಮ ಜನಕ್ಕೆ ಊರೊಟ್ಟಿನ ಒಂದು ದನದ ಹಿಂಡಿದೆ. ದೇವರಿಗೆ ಬಿಟ್ಟ ದನ. ಅದನ್ನು ಉಳುವುದಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಆ ಹಿಂಡಿಗೆ ಒಂದು ಪಟ್ಟದ ಹೋರಿ. ಅದು ತೀರಿಕೊಂಡರೆ ಇನ್ನೊಂದನ್ನು ನಾವು ಆರಿಸುವುದಿಲ್ಲ. ಹಿಂಡಿನ ಮುಂದೆ ಕರ್ಪೂರ ಹಚ್ಚಿ, ಕಬ್ಬು ಇಟ್ಟು, ಕೈಕಟ್ಟಿ ನಿಲ್ಲುತ್ತೇವೆ. ಯಾವುದು ತಾನಾಗಿ ಎದ್ದು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ನಾನು ಒಂಬತ್ತು ವರ್ಷದವನಿದ್ದಾಗ ಒಮ್ಮೆ ನೋಡಿದ್ದೆ. ಎಲ್ಲರೂ ಇದೇ ಅಂದುಕೊಂಡಿದ್ದ ಭಾರಿ ಬಿಳಿ ಹೋರಿ ಕಬ್ಬು ನೋಡಿ ಆಕಳಿಸಿ ಮಲಗಿಕೊಂಡಿತು. ಮೂಲೆಯಿಂದ ಒಂದು ಬಡಕಲು, ಕೊಂಬು ಮುರಿದದ್ದು, ಬಾಲ ಬೀಸುತ್ತ ಬಂದು ಕರಕರ ಅಗಿಯಿತು. ಅಷ್ಟೇ. ನೂರು ಬಾಯಿ ಒಂದೇ ಸಲ ಮುಚ್ಚಿದವು. ನಾಲ್ಕು ಜನ ಸೇರಿದರೆ ಐದು ಮಾತಾಡುವ ನಮ್ಮವರ ಬಾಯಿ ಮುಚ್ಚಿಸಲು ಅಂಥದೇ ಬೇಕು.

ಆ ಹಿಂಡಿನ ಮುಂದೆ ನಿಂತೇ ದೊಡ್ಡಯ್ಯ ಹಿಂದೆ ಒಂದು ಮಾತು ಹೇಳಿಬಿಟ್ಟಿದ್ದರು. ಊರಿಗೆ ಮೊದಲ ಟ್ರ್ಯಾಕ್ಟರ್ ಬಂದ ಕಾಲ. ಯಾರೋ ಕೆಣಕಿದರು. ಇವರು ಮೀಸೆ ತಿರುವಿ, "ನಮ್ಮನೆ ಕೊಟ್ಟಿಗ್ಯಾಗೆ ಇಂಜಿನ್ ನಿಲ್ಬೇಕಾದ್ರೆ ಸಾಮಿನೇ ಬಂದು ಏಳ್ಬೇಕು" ಅಂದರು. ಆಡಿದ ಮಾತು, ಒಡೆದ ಮುತ್ತು. ಎತ್ತುಗಳು ಇರುವವರೆಗೆ ಚಿಂತೆ ಇರಲಿಲ್ಲ. ಮೊಣಕಾಲು ಹಿಡಿದುಕೊಂಡ ಮೇಲೆ ಕೊನೆಯ ಜೊತೆಯನ್ನೂ ಕೊಟ್ಟರು. ಆರು ವರ್ಷದಿಂದ ಅವರು ಬಗ್ಗಿದ್ದೇ ಇಲ್ಲ. ಹೆಗಲ ಟವೆಲ್ ಜಾರಿ ಬಿದ್ದರೆ ಯಾರಾದರೂ ಬರುವ ತನಕ ಅದನ್ನೇ ನೋಡುತ್ತ ನಿಂತಿರುತ್ತಾರೆ. ಆದರೂ ಖಾಲಿ ಕೊಟ್ಟಿಗೆಗೆ ನಿಂತೇ ಉದ್ದದ ಪೊರಕೆಯಲ್ಲಿ ದಿನಾ ಕಸ ಹೊಡೆಯುತ್ತಾರೆ. ಬಾಡಿಗೆ ಟ್ರ್ಯಾಕ್ಟರ್ ಬಂದರೆ ಮಾತ್ರ ತಕರಾರಿಲ್ಲ. "ಅದು ನೆಂಟ್ರಿದ್ದಂಗೆ. ಉಂಡು ಓಯ್ತದೆ," ಅನ್ನುತ್ತಾರೆ.

ಅಕ್ಕ ಕೇಳಿದ ದಿನ ನಾನೂ ಅಲ್ಲಿದ್ದೆ.

"ದೊಡ್ಡಯ್ಯಾ, ಒಂದು ಪಳೇ ಟ್ರ್ಯಾಕ್ಟರ್ ವಂಡಿ ನೋಡನಾ ಅಂತಿವ್ನಿ."

"ಅದು ಸಗಣಿ ಆಕ್ತದಾ?"

"ಆಕಲ್ಲ."

"ಮತ್ತೆ ಯಾತಕ್ಕೆ?"

"ಕಾಲ್ವೆಗೆ ಬಿಟ್ಟ ಮೊದಲ ತಣ್ಣೀಲೆ ಉಳಾಕೆ. ಓದ್ ವರ್ಸದಂಗೆ ಇನ್ನೊಂದ್ ವರ್ಸ ಆದ್ರೆ ನಾನು ಗದ್ದೇನ ಕುತ್ತಗೆಗೆ ಬಿಟ್ಟು ಏಲಕ್ಕಿ ಆಯಾಕೆ ಮ್ಯಾಲೆ ಓಯ್ತೀನಿ, ಅಷ್ಟೆ."

ನಾನಾದರೆ ಗದ್ದೆ ಗುತ್ತಿಗೆಗೆ ಕೊಟ್ಟು ಹೋಗಿ ಎಂದು ಯಾರಾದರೂ ಹೇಳಿದರೆ ಥ್ಯಾಂಕ್ಸ್ ಹೇಳುತ್ತಿದ್ದೆ. ಅಕ್ಕನಿಗೆ ಅದು ಕೈ ಕಡಿದು ಕೊಟ್ಟ ಹಾಗೆ. ಅದು ದೊಡ್ಡಯ್ಯನಿಗೂ ಗೊತ್ತು.

"ನಾನೂ ಬತ್ತೀನಿ," ಅಂದರು ಕೊನೆಗೆ. "ನೋಡ್ತೀನಿ. ಬ್ಯಾಡ ಅಂದ್ರೆ ಬ್ಯಾಡ. ಆಮ್ಯಾಕೆ ಆ ಮಾತು ಎತ್ಬಾರ್ದು."

"ಸರಿ," ಅಂದಳು ಅಕ್ಕ. ಅವಳ ಮುಖ ನೋಡಿ ನನಗೆ ಭಯವಾಯಿತು. ಒಂದೇ ಒಂದು ಲಾಟರಿ ಚೀಟಿ ಕೈಯಲ್ಲಿಟ್ಟುಕೊಂಡು ಹೊರಟವಳ ಹಾಗಿದ್ದಳು.

ನೀರು ಬಿಡಲು ಇನ್ನು ಹದಿನೈದು ದಿನ ಇರುವಾಗ ಹೊರಟೆವು. ವ್ಯಾನು ಖಾದರ್ ಭಾಯ್‌ದು. ಉತ್ತಮಪಾಳಯಂನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮೆಕ್ಯಾನಿಕ್ ಅವರು. ಮಾತು ಕಡಿಮೆ, ಕಿವಿ ಚುರುಕು. ಇಂಜಿನ್ ಶಬ್ದ ಕೇಳಿ ಅದರ ಜಾತಕ ಹೇಳುತ್ತಾರೆ. ನನ್ನನ್ನು ಕರೆದುಕೊಂಡದ್ದು ಆರ್‌ಸಿ ಬುಕ್ ಓದುವುದಕ್ಕೆ. ದಿಂಡುಕ್ಕಲ್ ಬೈಪಾಸಿನಲ್ಲಿ ಹಳೆ ಟ್ರ್ಯಾಕ್ಟರ್ ಮಾರುವ ಯಾರ್ಡುಗಳ ಸಾಲೇ ಇದೆ, ಅಲ್ಲಿಗೆ ಪಯಣ.

ವತ್ತಲಗುಂಡಿನಲ್ಲಿ ಟೀಗೆ ನಿಲ್ಲಿಸಿದಾಗ ದೊಡ್ಡಯ್ಯ ಕಬ್ಬಿನ ಹಾಲಿನ ಗಾಡಿಯವನ ಹತ್ತಿರ ಹೋಗಿ ಒಂದು ಗೇಣಿನ ಮೂರು ತುಂಡು ಕಬ್ಬು ಕೇಳಿ ತಂದು ತಮ್ಮ ಬಟ್ಟೆ ಚೀಲಕ್ಕೆ ಹಾಕಿಕೊಂಡರು. ಎಂಬತ್ತೆರಡು ವರ್ಷ, ಬಾಯಲ್ಲಿ ನಾಲ್ಕು ಹಲ್ಲು, ಆ ನಾಲ್ಕಕ್ಕೂ ಒಂದಕ್ಕೊಂದು ಮಾತಿಲ್ಲ. "ಯಾರಿಗೆ ದೊಡ್ಡಯ್ಯಾ ಕಬ್ಬು?" ಅಂದೆ. "ನಿನ್ಗಲ್ಲಡಾ," ಅಂದರು.

ದಾರಿಯುದ್ದಕ್ಕೂ ನನಗೆ ದನದ ಸಂತೆಯೇ ನೆನಪು. ಚಿಕ್ಕವನಿದ್ದಾಗ ಇದೇ ರಸ್ತೆಯಲ್ಲಿ ದೊಡ್ಡಯ್ಯನ ಜೊತೆ ಎತ್ತು ಕೊಳ್ಳಲು ಬರುತ್ತಿದ್ದೆ. ನನ್ನ ಕೆಲಸ ಅವರ ಚಪ್ಪಲಿ ಕಾಯುವುದು. ಅವರು ಎತ್ತಿನ ಹಲ್ಲು ಎಣಿಸುವರು, ಸುಳಿ ನೋಡುವರು, ದಲ್ಲಾಳಿಯ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು ಬೆರಳಲ್ಲೇ ಜಗಳವಾಡುವರು. ಒಮ್ಮೆ ಒಂದು ಜೋಡಿ ಎಷ್ಟು ಚಂದ ಇತ್ತೆಂದರೆ, ನಾನೇ ಹೆಸರಿಟ್ಟು ಮುಗಿಸಿದ್ದೆ. ದೊಡ್ಡಯ್ಯ ಮಾತ್ರ ಅದರ ಮುಖ ನೋಡದೆ ಕಾಲ ಬುಡ ನೋಡುತ್ತ ನಿಂತರು. ಬಲಗಡೆಯದನ್ನು ಮೆತ್ತನೆ ಮರಳ ಗುಡ್ಡೆಯ ಮೇಲೆ ನಿಲ್ಲಿಸಿದ್ದರು. "ಒಸಿ ಆಚೆ ತಿರುಗ್ಸಪ್ಪಾ," ಅಂದರು. ಗಟ್ಟಿ ನೆಲಕ್ಕೆ ಕಾಲಿಟ್ಟದ್ದೇ ತಡ ಎತ್ತು ಕುಂಟಿತು. ಬರುವಾಗ ನನ್ನ ತಲೆ ತಟ್ಟಿ ಹೇಳಿದರು: "ಮಾರೋನು ಮೊಕ ತೋರುಸ್ತಾನೆ. ನೀನು ಕಾಲ್ ಕೆಳಗೆ ನೋಡು." ನಾನು ಆ ಬುದ್ಧಿಯನ್ನು ಎಲ್ಲೂ ಉಪಯೋಗಿಸಲಿಲ್ಲ. ಮದುವೆಯಲ್ಲೂ ಮುಖವನ್ನೇ ನೋಡಿದೆ. ಪುಣ್ಯಕ್ಕೆ ಚೆನ್ನಾಗಿಯೇ ಆಯಿತು.

ಯಾರ್ಡು ಒಂದು ಬೇವಿನ ಮರದ ಸುತ್ತ ಇತ್ತು. ನೆಲ ರಸ್ತೆಯ ಕಡೆಗೆ ಸ್ವಲ್ಪ ಇಳಿಜಾರು. ಹನ್ನೊಂದು ಟ್ರ್ಯಾಕ್ಟರು, ಹತ್ತಕ್ಕೆ ಹೊಸ ಬಣ್ಣ. ಯಜಮಾನ ಸೆಲ್ವಂ, ದಪ್ಪ ಮೀಸೆ, ಬಿಳಿ ಅಂಗಿ. "ವಾಂಗ ಅಕ್ಕಾ, ವಾಂಗ ಅಯ್ಯಾ" ಎಂದು ಬರಮಾಡಿಕೊಂಡು ಒಂದೊಂದನ್ನೂ ಪರಿಚಯ ಮಾಡಿಕೊಟ್ಟ. ಅವನ ಮಾತು ಕೇಳಿದರೆ ಹತ್ತು ಟ್ರ್ಯಾಕ್ಟರಿಗೂ ಹಿಂದಿನ ಯಜಮಾನರು ನಿವೃತ್ತ ಹೆಡ್‌ಮಾಸ್ಟರುಗಳು. ಶುಕ್ರವಾರ ಹೆಂಡತಿಯನ್ನು ಕೋವಿಲಿಗೆ ಕರೆದೊಯ್ಯಲು ಮಾತ್ರ ಓಡಿಸಿದ್ದು. ಖಾದರ್ ಭಾಯ್ ಮಾತಾಡದೆ ಒಂದರ ಇಂಜಿನ್ ಮೇಲೆ ಅಂಗೈಯಿಟ್ಟರು. ಬೆಚ್ಚಗಿತ್ತು.

"ನಾವು ಬರುವ ಮೊದಲೇ ಎಬ್ಬಿಸಿ ಇಟ್ಟಿದ್ದೀರಲ್ಲ ತಂಬಿ," ಅಂದರು. ಭಾಯ್ ಆಡುವುದು ತಮಿಳು, ನಾನಿಲ್ಲಿ ಕನ್ನಡ ಮಾಡಿ ಕೊಡುತ್ತಿದ್ದೇನೆ. "ಎದ್ದು ಹಲ್ಲುಜ್ಜಿಕೊಂಡವರೆಲ್ಲ ಚೆನ್ನಾಗಿಯೇ ಕಾಣುತ್ತಾರೆ. ಮಲಗಿರೋದು ಯಾವುದಾದರೂ ಇದೆಯಾ?"

ಮಲಗಿದ್ದದ್ದು ಒಂದೇ. ಬೇವಿನ ಮರದ ಬುಡದಲ್ಲಿ ಬಣ್ಣ ಮಾಸಿದ ಕೆಂಪು ಟ್ರ್ಯಾಕ್ಟರ್. ಬಾನೆಟ್ ಮೇಲೆ ಬೇವಿನ ಹಣ್ಣು ಉದುರಿ ಅಂಟಿದ್ದವು. ಸೀಟಿನ ಹರಿದ ಜಾಗಕ್ಕೆ ಗೋಣಿ ಹೊಲಿದಿದ್ದರು. ಅಕ್ಕ ಆ ಹೊಲಿಗೆಯನ್ನು ಬೆರಳಿಂದ ಸವರಿದಳು. "ಯಾರೋ ಚೆಂದಾಗಿ ನೋಡಿಕಂಡವ್ರೆ ಗೋಪಾಲು," ಅಂದಳು ನನಗೆ. ಅಲ್ಲಿಗೆ ಅವಳ ಮನಸ್ಸು ಕೂತಿತು ಅಂತ ನನಗೆ ತಿಳಿಯಿತು.

ಭಾಯ್ ಹತ್ತಿ ಕೂತು ಸ್ಟಾರ್ಟ್ ಮಾಡಿದರು. ಎರಡು ಸಲ ಕೆಮ್ಮಿ, ಒಂದು ಉಂಡೆ ಕಪ್ಪು ಹೊಗೆ ಉಗುಳಿ, ಆಮೇಲೆ ಸ್ವಚ್ಛವಾಗಿ ಉಸಿರಾಡತೊಡಗಿತು. ಭಾಯ್ ತಲೆ ವಾಲಿಸಿ ಕೇಳುತ್ತ ಕೂತರು, ಯಾವುದೋ ಹಳೆ ರಾಗ ಕೇಳುವವರಂತೆ. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ಹಿಂದೆ ಆ ಕಲ್ಟಿವೇಟರ್ ಮೇಲೆ ಹತ್ತಿ ನಿಲ್ಲಿ," ಅಂದರು. ಯಾಕೆ ಎಂದು ಕೇಳದೆ ಹತ್ತಿದೆ. ಲಿವರ್ ಎಳೆದದ್ದೇ ನಾನು ನೇಗಿಲ ಹಲ್ಲುಗಳ ಸಮೇತ ಮೇಲಕ್ಕೆದ್ದೆ. ಇಂಜಿನ್ ಆರಿಸಿ ಭಾಯ್ ಬೀಡಿ ಹಚ್ಚಿದರು. ನಾನು ಗಾಳಿಯಲ್ಲಿ. ಆಚೆ ಯಾರ್ಡಿನ ಗಿರಾಕಿಗಳೆಲ್ಲ ನೋಡುತ್ತಿದ್ದಾರೆ. ಬೀಡಿ ಮುಗಿಯಿತು. ನಾನು ಒಂದು ಬೆರಳೂ ಇಳಿದಿರಲಿಲ್ಲ.

"ಹೈಡ್ರಾಲಿಕ್ ಗಟ್ಟಿ," ಅಂದರು ಭಾಯ್.

"ಕಡೆಗೂ ನಿನ್ ತೂಕಕ್ಕೆ ಒಂದು ಉಪಯೋಗ ಆಯ್ತು," ಅಂದಳು ಅಕ್ಕ.

ನನ್ನನ್ನು ಇಳಿಸಿದ ಮೇಲೆ ಸೆಲ್ವಂ ತಾನೇ ಹತ್ತಿ ಟ್ರ್ಯಾಕ್ಟರನ್ನು ಒಂದು ಸುತ್ತು ಓಡಿಸಿ ತೋರಿಸಿ, ತಂದು ಮರದ ಕೆಳಗೆ ನಿಲ್ಲಿಸಿ, ಬ್ರೇಕ್ ಲಾಕ್ ಎಳೆದು ಇಳಿದ. ಇಳಿದವನು ಮುಂದಿನ ಚಕ್ರದ ಬಳಿ ಬಗ್ಗಿ ಚಪ್ಪಲಿ ಸರಿ ಮಾಡಿಕೊಂಡ. ಇಷ್ಟು ಹೊತ್ತೂ ದೊಡ್ಡಯ್ಯ ಕೋಲೂರಿಕೊಂಡು ಹನ್ನೊಂದು ಟ್ರ್ಯಾಕ್ಟರಿನ ಸುತ್ತಲೂ ತಿರುಗುತ್ತಿದ್ದರು. ಒಂದರ ಬಣ್ಣವನ್ನೂ ನೋಡಲಿಲ್ಲ. ನೆಲ ನೋಡುತ್ತಿದ್ದರು. ವಯಸ್ಸಾಯಿತು, ಎಡವುತ್ತೇನೆ ಎಂಬ ಭಯವಿರಬೇಕು ಅಂದುಕೊಂಡೆ.

ನಾವು ಒಂದು ಪಕ್ಕಕ್ಕೆ ಸರಿದು ನಮ್ಮ ಭಾಷೆಯಲ್ಲಿ ಗುಸುಗುಸು ಶುರು ಮಾಡಿದೆವು. ತಮಿಳರ ಮುಂದೆ ಚೌಕಾಸಿ ಮಾಡಲು ನಮಗೆ ದೇವರು ಕೊಟ್ಟ ವರ ಅದು. ಸೆಲ್ವಂ ದೂರದಿಂದಲೇ ನಕ್ಕ. "ಅಕ್ಕಾ, ನಿಮ್ಮ ಕಂಬಂ ಕಡೆಯವರು ತುಂಬಾ ಜನ ಬರ್ತಾರೆ. ನೀವು ಕನ್ನಡದಲ್ಲಿ ಮಾತಾಡುವ ತನಕ ರೇಟು ಜಾಸ್ತಿ ಅಂತ ಅರ್ಥ. ತಮಿಳಿಗೆ ತಿರುಗಿದರೆ ನಾನು ಆರ್‌ಸಿ ಬುಕ್ ತರೋದು," ಅಂದ. ನಮ್ಮ ಮುನ್ನೂರು ವರ್ಷದ ಗುಟ್ಟನ್ನು ಅವನು ಮೂರು ವರ್ಷದ ವ್ಯಾಪಾರದಲ್ಲಿ ಒಡೆದುಹಾಕಿದ್ದ.

ಅಕ್ಕ ದೊಡ್ಡಯ್ಯನ ಮುಂದೆ ಹೋಗಿ ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಐವತ್ತೊಂಬತ್ತು ವರ್ಷದ ನನ್ನ ಅಕ್ಕ ಆಗ ಹತ್ತು ವರ್ಷದವಳಂತೆ ಕಂಡಳು.

"ಏನಂತೀರಾ ದೊಡ್ಡಯ್ಯಾ?"

"ನಾನ್ಯಾರು ಏಳಾಕೆ?" ಅಂದರು ಅವರು. "ಸಾಮಿ ಮುಂದೆ ಆಡಿದ ಮಾತು. ಸಾಮಿನೇ ಕೇಳನಾ."

ಹೀಗೆ ಹೇಳಿ ಚೀಲಕ್ಕೆ ಕೈ ಹಾಕಿ ಕಬ್ಬಿನ ತುಂಡು ಹೊರತೆಗೆದರು.

ಅಯ್ಯೋ ರಾಮ! ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸೆಲ್ವಂ ನನ್ನನ್ನು ನೋಡಿದ, ನಾನು ಬೇವಿನ ಮರ ನೋಡಿದೆ. ಆಚೆಯ ಯಾರ್ಡಿನ ಗಿರಾಕಿಗಳು ಈಚೆಗೇ ಬಂದರು. ಅಕ್ಕ ಮಾತ್ರ ಮಿಸುಕಲಿಲ್ಲ. ಅವಳ ಮುಖದ ಬಣ್ಣ ಇಳಿದದ್ದು ನನಗೆ ಕಾಣುತ್ತಿತ್ತು. ಕಬ್ಬು ನೋಡಿ ನಡೆದು ಬರುವ ಟ್ರ್ಯಾಕ್ಟರ್ ಯಾವ ಊರಲ್ಲಿದೆ? ಬೇಡ ಅನ್ನಲು ಬಾಯಿ ಬಾರದೆ ಮುದುಕ ಈ ದಾರಿ ಹಿಡಿದಿದ್ದಾರೆ ಎಂದು ಅವಳಿಗೂ ಅನ್ನಿಸಿರಬೇಕು, ನನಗಂತೂ ಅನ್ನಿಸಿತು. ಸಿಟ್ಟು ಬಂತು. ಅಷ್ಟು ಜನರ ಮುಂದೆ ಅವಳ ಆಸೆಯನ್ನು ತಮಾಷೆ ಮಾಡಬೇಕಿತ್ತೇ?

ದೊಡ್ಡಯ್ಯ ಕೆಂಪು ಟ್ರ್ಯಾಕ್ಟರಿಗೆ ನಿಧಾನವಾಗಿ ಒಂದು ಪ್ರದಕ್ಷಿಣೆ ಬಂದರು. ಮುಂದಿನ ಚಕ್ರದ ಬಳಿ ನಿಂತು, ಕೋಲಿನ ಮೇಲೆ ಭಾರ ಹಾಕಿ, ಉಸಿರು ಬಿಗಿಹಿಡಿದು ಬಗ್ಗಿ, ನೆಲ ಮುಟ್ಟಿ ನಮಸ್ಕಾರ ಮಾಡಿದರು. ದೇವರು ಅಂದರೆ ಮೊಣಕಾಲೂ ಮಣಿಯುತ್ತದಲ್ಲ ಅಂದುಕೊಂಡೆ. ಎದ್ದು ಚೀಲ ಹೆಗಲಿಗೇರಿಸಿ, ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಮುಂದೆ ಬಂದು, ದಾರಿಗೆ ಅಡ್ಡ ನಿಲ್ಲದೆ ಒಂದು ಮಗ್ಗುಲಿಗೆ ನಿಂತು, ಕೈಚಾಚಿ ಕಬ್ಬು ಹಿಡಿದರು.

ಬೈಪಾಸಿನಲ್ಲಿ ಒಂದು ಲಾರಿ ಹೋಯಿತು. ಇನ್ನೊಂದು ಹೋಯಿತು. ಅಕ್ಕ ತಲೆ ತಗ್ಗಿಸಿದಳು. ಸೆಲ್ವಂ ಮೂರನೇ ಸಲ ಗಂಟಲು ಸರಿಮಾಡಿಕೊಂಡ. ನಾನು ವ್ಯಾನಿನ ಕಡೆ ಒಂದು ಹೆಜ್ಜೆ ಇಟ್ಟೂ ಆಗಿತ್ತು.

ಟಕ್ ಎಂದಿತು.

ತಿರುಗಿ ನೋಡಿದರೆ ಕೆಂಪು ಟ್ರ್ಯಾಕ್ಟರ್ ಬರುತ್ತಿದೆ! ಇಂಜಿನ್ ಇಲ್ಲ, ಡ್ರೈವರ್ ಇಲ್ಲ. ಬೇವಿನ ಹಣ್ಣು ಉದುರಿಸಿಕೊಂಡು, ಎತ್ತು ಮನೆಗೆ ಬರುವ ನಡಿಗೆಯಲ್ಲಿ, ಒಂದು ಮಾರು, ಎರಡು ಮಾರು, ನೇರ ದೊಡ್ಡಯ್ಯನ ಕೈಯತ್ತ. ಸೆಲ್ವಂ "ಐಯೈಯೋ, ಪಿಡಿ ಪಿಡಿ, ಹಿಡೀರಿ" ಎಂದು ಹಾರಿದ. ಅಷ್ಟರಲ್ಲಿ ಮುಂದಿನ ಚಕ್ರ ನೀರು ಹೋಗುವ ಸಣ್ಣ ಗುಂಡಿಗೆ ಇಳಿದು ತಾನೇ ನಿಂತುಕೊಂಡಿತು. ಕಬ್ಬಿನ ತುದಿ ಸರಿಯಾಗಿ ಮುಂದಿನ ಜಾಲರಿಗೆ ತಾಗಿತ್ತು.

ದೊಡ್ಡಯ್ಯ ಕಬ್ಬನ್ನು ಜಾಲರಿಗೆ ಸಿಕ್ಕಿಸಿದರು. ಅಂಗೈಯಿಂದ ಬಾನೆಟ್ ತಟ್ಟಿದರು.

"ಬಂತು," ಅಂದರು. "ಇನ್ನ ನಂದೇನೂ ಇಲ್ಲ ರಂಗಿ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ಮೈಸೂರಿನಲ್ಲಿ ಓದಿದ ವಿಜ್ಞಾನವೆಲ್ಲ ಆ ಕ್ಷಣಕ್ಕೆ ರಜೆ ಹಾಕಿತ್ತು. ಆಚೆ ಗಿರಾಕಿಗಳಲ್ಲಿ ಒಬ್ಬ ಚಪ್ಪಲಿ ಬಿಟ್ಟು ಟ್ರ್ಯಾಕ್ಟರಿಗೆ ಕೈಮುಗಿದ.

ಖಾದರ್ ಭಾಯ್ ಒಬ್ಬರೇ ಶಾಂತವಾಗಿದ್ದವರು. ಹತ್ತಿ ಬ್ರೇಕ್ ಲಾಕ್ ಎಳೆದು ನೋಡಿ, "ಹಲ್ಲು ತೇದಿದೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ಸಣ್ಣ ಕೆಲಸ," ಅಂದರು. ಸೆಲ್ವಂನ ಮುಖ ಅವನ ಅಂಗಿಗಿಂತ ಬಿಳಿಯಾಗಿತ್ತು. ಮರದ ಬುಡದಲ್ಲಿ ಏನೋ ಹುಡುಕುತ್ತ, "ಇಲ್ಲೇ ಇಟ್ಟಿದ್ದೆನಲ್ಲ, ಎಲ್ಲಿ ಹೋಯಿತು" ಎಂದು ಗೊಣಗುತ್ತಿದ್ದ. ಅಕ್ಕ ಕಣ್ಣೊರೆಸಿಕೊಂಡು ಅವನೆದುರು ನಿಂತಳು. ಬ್ರೇಕ್ ಅವನೇ ಮಾಡಿಸಿ ಕೊಡಬೇಕು, ಕೆಸರು ಗದ್ದೆಗೆ ಹಾಕುವ ಕಬ್ಬಿಣದ ಚಕ್ರ ಒಂದು ಜೊತೆ ಸೇರಿಸಿ ಕೊಡಬೇಕು. ಇಷ್ಟನ್ನೂ ಅವಳು ಚೊಕ್ಕ ತಮಿಳಿನಲ್ಲಿ ಹೇಳಿದಳು. ಸೆಲ್ವಂ ಒಳಗೆ ಹೋಗಿ ಆರ್‌ಸಿ ಬುಕ್ ತಂದ. ನನ್ನ ಕೆಲಸ ಆಗ ಶುರುವಾಯಿತು, ಎರಡು ನಿಮಿಷದಲ್ಲಿ ಮುಗಿಯಿತು.

ನೀರು ಬಿಟ್ಟ ಮೂರನೆಯ ದಿನ ಊರಿಗೆ ಹೋದೆ. ಆಗಲೇ ಅಕ್ಕನ ನಾಲ್ಕು ಎಕರೆ ಕೆಸರು ಮುಗಿದು, ಪಕ್ಕದ ಮುತ್ತಮ್ಮನ ಗದ್ದೆಯಲ್ಲಿ ಕೆಂಪು ಟ್ರ್ಯಾಕ್ಟರ್ ಓಡುತ್ತಿತ್ತು. ಟೀ ಅಂಗಡಿಯಲ್ಲಿ ಕೂರಲಾರದ ಹೆಂಗಸರೆಲ್ಲ ಅಕ್ಕನ ಹಿಂದೆ ಸಾಲು ಹಚ್ಚಿದ್ದರು. ತಲೆಗೆ ಟವೆಲ್ ಸುತ್ತಿ, ಮೊಣಕಾಲವರೆಗೆ ಕೆಸರು ಮೆತ್ತಿಸಿಕೊಂಡು, ಸ್ಟಿಯರಿಂಗ್ ಹಿಡಿದು ಅಕ್ಕ ಯಾರನ್ನೋ ಬೈಯುತ್ತಿದ್ದಳು. ಅಷ್ಟು ಖುಷಿಯಾಗಿ ಬೈಯುವುದನ್ನು ನಾನು ಎಂದೂ ಕೇಳಿರಲಿಲ್ಲ.

ದೊಡ್ಡಯ್ಯ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ನಿಂತು ನಾನು ಭಕ್ತಿಯಿಂದಲೇ ಹೇಳಿದೆ: "ಏನೇ ಅನ್ನಿ ದೊಡ್ಡಯ್ಯಾ, ಸಾಮಿ ಸಾಮಿನೇ. ನಾನು ಕಣ್ಣಾರೆ ಕಂಡೆ."

ಅವರು ಅತ್ತಿತ್ತ ನೋಡಿದರು. ಬಟ್ಟೆ ಚೀಲಕ್ಕೆ ಕೈ ಹಾಕಿ, ಗ್ರೀಸ್ ಮೆತ್ತಿದ ಒಂದು ಕಪ್ಪು ಕಲ್ಲು ತೆಗೆದು ನನ್ನ ಕೈಗಿಟ್ಟರು.

"ಏನಿದು?"

"ಆ ಮಾರೋನು ಮುಂದಿನ ಚಕ್ರದ ಕೆಳಗೆ ಇಟ್ಟಿದ್ದ. ನಿಲ್ಲೋ ವಂಡಿಗೆ ಕಲ್ಲು ಯಾತಕ್ಕೆಡಾ?"

ನನಗೆ ಒಂದು ಗಳಿಗೆ ಬೇಕಾಯಿತು. ಚಪ್ಪಲಿ ಸರಿ ಮಾಡಿಕೊಂಡ ಸೆಲ್ವಂ, ನೆಲ ನೋಡುತ್ತ ತಿರುಗಿದ ದೊಡ್ಡಯ್ಯ, ಆ ನಮಸ್ಕಾರ, ಎಲ್ಲ ಒಂದೊಂದಾಗಿ ಬಂದು ಕೂತವು. "ಅಂದ್ರೆ ಸಾಮಿ ಬರಲಿಲ್ವಾ?" ಅಂದೆ, ಪೆದ್ದನ ಹಾಗೆ.

"ಸಾಮಿಗೆ ನೂರು ವ್ಯಾಲೆ, ನೂರು ಕೆಲ್ಸ ಇರ್ತಾವೆ," ಅಂದರು ದೊಡ್ಡಯ್ಯ. "ಒಂದು ಕಲ್ಲೆತ್ತಾಕೂ ಅವ್ನೇ ಬರ್ಬೇಕಾ? ನಾವಿಲ್ವಾ?" ಆಮೇಲೆ ಗದ್ದೆಯತ್ತ ಕಣ್ಣು ಕಿರಿದು ಮಾಡಿ ನೋಡಿ, ದನಿ ತಗ್ಗಿಸಿದರು. "ರಂಗಿಗೆ ಏಳ್ಬ್ಯಾಡ. ಸಾಮಿನೇ ಬಂದ ಅಂತ ನಂಬವ್ಳೆ ಪಾಪ. ಇದನ್ನ ದೂರ ತಕ್ಕಂಡೋಗಿ ಎಲ್ಲಾದ್ರೂ ಎಸಿ."

ಸಂಜೆ ಅಕ್ಕ ಬಸ್ಸಿನವರೆಗೆ ಬಂದಳು. ನನ್ನ ಕೈಚೀಲ ಒಂದು ಕಡೆಗೆ ಜಗ್ಗುತ್ತಿತ್ತು. ಅವಳು ಚೀಲ ನೋಡಿದಳು, ನನ್ನ ಮುಖ ನೋಡಿದಳು. ಗುಟ್ಟು ಬಚ್ಚಿಡುವುದರಲ್ಲೂ ನನ್ನದು ಉತ್ತ ಸಾಲಿನದೇ ಕಥೆ.

"ಕಲ್ಲು ನಿನ್ ಕೈಗೆ ಕೊಟ್ರಾ?" ಅಂದಳು.

ನಾನು ಅಲ್ಲೇ ನಿಂತುಬಿಟ್ಟೆ. "ನಿಂಗೆ ಗೊತ್ತಿತ್ತಾ?"

"ಅವ್ರು ಬಗ್ಗುವಾಗ್ಲೇ ನೋಡ್ದೆ." ಅಕ್ಕ ಕೆಸರು ಒಣಗಿದ ಅಂಗೈಗಳನ್ನು ಒಂದಕ್ಕೊಂದು ತಿಕ್ಕಿದಳು. "ಬಿದ್ದ ಟವಲ್ ಎತ್ಕಳಾಕೆ ಬಗ್ಗಲ್ಲ ಕಣಾ ಅವ್ರು. ನಂಗೆ ಅಂತ ಬಗ್ಗಿದ್ರು." ಬಸ್ಸು ಬಂತು. ನಾನು ಹತ್ತಿದ ಮೇಲೆ ಕಿಟಕಿಯ ಸರಳು ಹಿಡಿದು ಹೇಳಿದಳು: "ನಾನ್ ನೋಡ್ದೆ ಅಂತ ಅವ್ರಿಗೆ ಏಳ್ಬ್ಯಾಡ. ಕಲ್ಲ ಮಾತ್ರ ಎಸೀಬ್ಯಾಡ ಗೋಪಾಲು."